ದೇಶಕ್ಕೆ ನಾಲ್ಕು ಭಾಷೆ, ತರಗತಿಗೆ ಒಂದು: ಸ್ವಿಟ್ಜರ್‌ಲೆಂಡಿನ ಶಾಲೆಯಿಂದ ವಿಶ್ವವಿದ್ಯಾಲಯದವರೆಗೆ

(ವಿದ್ಯಾರ್ಥಿಗಳು, ಪೋಷಕರು ಮತ್ತು ಅಧ್ಯಾಪಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿದ ಮಗು ಜರ್ಮನ್, ಫ್ರೆಂಚ್, ಇಟಾಲಿಯನ್ ಮೂರನ್ನೂ ಪಟಪಟ ಆಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆ ನಂಬಿಕೆಯನ್ನು ಈಗಲೇ ಬಾಗಿಲಾಚೆ ಇಟ್ಟರೆ ಮುಂದಿನದು ಸಲೀಸು. ಜರ್ಮನ್ ಕಡೆಯ ಜ್ಯೂರಿಕ್‌ನ ಹುಡುಗಿಯೊಬ್ಬಳು, ಫ್ರೆಂಚ್ ಕಡೆಯ ಲೋಸಾನಿನ ಹುಡುಗನೊಬ್ಬ ರೈಲಿನಲ್ಲಿ ಎದುರುಬದುರು ಕೂತರೆ ಅವರಿಬ್ಬರು ಮಾತಿಗಿಳಿಯುವುದು ಎಷ್ಟೋ ಸಲ ಇಂಗ್ಲಿಷಿನಲ್ಲಿ. ಇಬ್ಬರೂ ಎದುರಿನವರ ಭಾಷೆಯನ್ನು ಶಾಲೆಯಲ್ಲಿ ವರ್ಷಗಟ್ಟಲೆ ಓದಿದವರೇ.

ಇದು ಯಾಕೆ ಹೀಗೆ ಅಂದರೆ, ಆ ದೇಶದ ಬಹುಭಾಷಿಕತೆ ನಿಂತಿರುವುದು ಜಾಗದ ಮೇಲೆ. ಜನರಲ್ಲಿ ಸುಮಾರು ಶೇ 62 ಮಂದಿಗೆ ಜರ್ಮನ್, ಶೇ 23 ಮಂದಿಗೆ ಫ್ರೆಂಚ್, ಶೇ 8 ಮಂದಿಗೆ ಇಟಾಲಿಯನ್ ಮುಖ್ಯ ಭಾಷೆ. ನಾಲ್ಕನೆಯ ಭಾಷೆಯಾದ ರೊಮಾಂಶ್ ಆಡುವವರು ಶೇ 0.5ರ ಆಸುಪಾಸು. ಸಂವಿಧಾನದ 70ನೇ ವಿಧಿಯ ಪ್ರಕಾರ ತನ್ನ ಆಡಳಿತ ಭಾಷೆ ಯಾವುದೆಂದು ಆಯಾ ಕ್ಯಾಂಟನ್ನೇ, ಅಂದರೆ ರಾಜ್ಯವೇ, ತೀರ್ಮಾನಿಸುತ್ತದೆ. ತೀರ್ಮಾನಿಸುವಾಗ ಊರೂರಿನ ಪಾರಂಪರಿಕ ಭಾಷಾ ಗಡಿಯನ್ನು ಗೌರವಿಸಬೇಕು. 62ನೇ ವಿಧಿ ಶಾಲೆಗಳನ್ನು ಕ್ಯಾಂಟನ್‌ಗಳಿಗೆ ಬಿಟ್ಟಿದೆ. ನಮ್ಮ ರಾಜ್ಯಗಳ ಹಾಗೆ ಅಲ್ಲಿ 26 ಕ್ಯಾಂಟನ್‌ಗಳಿವೆ. ನಾಲ್ಕನ್ನು ಬಿಟ್ಟರೆ ಉಳಿದವೆಲ್ಲ ಏಕಭಾಷಿಕ. ಬರ್ನ್, ಫ್ರಿಬೂರ್, ವಲೇ ದ್ವಿಭಾಷಿಕ, ಗ್ರಾವ್‌ಬುಂಡನ್ ತ್ರಿಭಾಷಿಕ. ಈ ನಾಲ್ಕರೊಳಗೂ ಹೆಚ್ಚಿನ ಊರುಗಳಿಗೆ ಒಂದೇ ಶಾಲಾಭಾಷೆ.

ಈ ನಿಯಮ ಎಷ್ಟು ಗಟ್ಟಿ ಎನ್ನುವುದಕ್ಕೆ ಎರಡು ತೀರ್ಪು ನೋಡಿ. ಜ್ಯೂರಿಕ್‌ನಲ್ಲಿ ಫ್ರೆಂಚ್ ಮಾಧ್ಯಮದ ಖಾಸಗಿ ಶಾಲೆಯೊಂದಿತ್ತು. ಮಕ್ಕಳು ಅಲ್ಲಿ ಎರಡು ವರ್ಷ ಮಾತ್ರ ಓದಬಹುದು, ಆಮೇಲೆ ಜರ್ಮನ್ ಶಾಲೆಗೆ ಬರಬೇಕು ಎಂದು ಕ್ಯಾಂಟನ್ ಹೇಳಿತು. 1965ರಲ್ಲಿ ಸರ್ವೋಚ್ಚ ನ್ಯಾಯಾಲಯ ಕ್ಯಾಂಟನ್ನಿನ ಪರ ನಿಂತಿತು. ಶಾಲೆಯವರು ಕೇಳಿದ್ದು ಸರ್ಕಾರದ ದುಡ್ಡನ್ನಲ್ಲ, ಅನುಮತಿಯನ್ನಷ್ಟೇ. 1996ರ ಹೊತ್ತಿಗೆ ನಿಲುವು ಸ್ವಲ್ಪ ಸಡಿಲವಾಗಿತ್ತು: ಜರ್ಮನ್, ಫ್ರೆಂಚ್ ಎರಡೂ ನಡೆಯುವ ಬೀಲ್ ಪಟ್ಟಣದ ಪಕ್ಕದ ಜರ್ಮನ್ ಹಳ್ಳಿಯೊಂದರ ಫ್ರೆಂಚ್ ಕುಟುಂಬ, ಖರ್ಚು ತಾನೇ ಹೊತ್ತು ಮಗುವನ್ನು ಬೀಲ್‌ನ ಫ್ರೆಂಚ್ ಶಾಲೆಗೆ ಕಳಿಸಲು ಹಳ್ಳಿ ಅಡ್ಡಿಪಡಿಸುವಂತಿಲ್ಲ ಎಂದು ಅದೇ ನ್ಯಾಯಾಲಯ ಹೇಳಿತು. ಸಡಿಲವಾದದ್ದು ಅಷ್ಟೇ. ನಮ್ಮೂರಿನಲ್ಲಿ ನಮ್ಮ ಭಾಷೆಯ ಸರ್ಕಾರಿ ಶಾಲೆ ತೆರೆಯಿರಿ ಎಂದು ಕೇಳುವ ಹಕ್ಕು ಯಾರಿಗೂ ಬರಲಿಲ್ಲ.

ಹಾಗಾಗಿ ಕೆಲಸದ ಮೇಲೆ ಲೋಸಾನಿನಿಂದ ಬರ್ನ್‌ಗೆ ಮನೆ ಬದಲಿಸಿದ ಕುಟುಂಬದ ಒಂಬತ್ತು ವರ್ಷದ ಮಗು ಒಂದು ಬೇಸಿಗೆ ರಜೆಯಲ್ಲಿ ಫ್ರೆಂಚ್ ತರಗತಿಯಿಂದ ಜರ್ಮನ್ ತರಗತಿಗೆ ಜಿಗಿಯಬೇಕು. ಎರಡೂರಿನ ನಡುವೆ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ ದಾರಿ. ಹೊಸಬರಿಗೆ ಹೆಚ್ಚುವರಿ ಜರ್ಮನ್ ಪಾಠ ಕೊಡುತ್ತಾರೆ. ಗಣಿತದಲ್ಲಿ ಮಗು ಬೇಗ ಹೊಂದಿಕೊಳ್ಳುತ್ತದೆ, ಬರವಣಿಗೆಯಲ್ಲಿ ಒದ್ದಾಡುತ್ತದೆ. ಹನ್ನೆರಡರ ವಯಸ್ಸಿಗೆ ಮುಂದಿನ ದಾರಿ ವಿಂಗಡಿಸುವ ಪರೀಕ್ಷೆ ಕಾದಿರುವ ಕ್ಯಾಂಟನ್ ಆದರೆ ಈ ಒದ್ದಾಟ ದುಬಾರಿ. ಬರ್ನ್‌ನಲ್ಲಿ ಒಂದು ವಿನಾಯಿತಿ ಉಂಟು: ರಾಜಧಾನಿಯಲ್ಲಿ ಕೆಲಸ ಮಾಡುವ ಫ್ರೆಂಚ್ ಭಾಷಿಕ ನೌಕರರ ಮಕ್ಕಳಿಗಾಗಿ ಕ್ಯಾಂಟನ್ನೇ ನಡೆಸುವ ಫ್ರೆಂಚ್ ಶಾಲೆ. ರಾಜಧಾನಿಗೆ ಸಿಕ್ಕ ರಿಯಾಯಿತಿ ಬೇರೆ ಊರಿಗೆ ಸಿಗದು!

ನಿಜವಾದ ದ್ವಿಭಾಷಾ ತರಗತಿ ನೋಡಬೇಕೆಂದರೆ ಬೀಲ್‌ಗೆ ಹೋಗಬಹುದು. ಅಲ್ಲಿ 2010ರಲ್ಲಿ ಶುರುವಾದ ದ್ವಿಭಾಷಾ ವಿಭಾಗದಲ್ಲಿ ಮಕ್ಕಳನ್ನು ಸೇರಿಸಿಕೊಳ್ಳುವಾಗಲೇ ಲೆಕ್ಕ ಹಾಕುತ್ತಾರೆ: ಮೂರನೇ ಒಂದು ಪಾಲು ಜರ್ಮನ್ ಮನೆಯವರು, ಮೂರನೇ ಒಂದು ಪಾಲು ಫ್ರೆಂಚ್ ಮನೆಯವರು, ಉಳಿದವರು ಬೇರೆ ಮನೆಮಾತಿನವರು. ಪಾಠದ ಸಮಯ ಅರ್ಧರ್ಧ. ಈ ಮೂರು ಪಾಲಿನ ಲೆಕ್ಕ ತಮಾಷೆಗಲ್ಲ. ಒಂದು ಭಾಷೆಯ ಮಕ್ಕಳು ಜಾಸ್ತಿಯಾದ ಕೂಡಲೇ ಆಟದ ಮೈದಾನ ಆ ಭಾಷೆಯ ಕಡೆ ವಾಲುತ್ತದೆ, ಇನ್ನೊಂದು ಭಾಷೆ ಟೀಚರ ಬಾಯಲ್ಲಿ ಮಾತ್ರ ಉಳಿಯುತ್ತದೆ. ನಮ್ಮ ಕಡೆ ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಗಂಟೆ ಹೊಡೆದ ಮೇಲೆ ಏನಾಗುತ್ತದೆ ಎಂದು ಕಂಡ ಅಧ್ಯಾಪಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಉಳಿದ ಹೆಚ್ಚಿನ ಕಡೆ ಎರಡನೆಯ ಭಾಷೆ ಒಂದು ಪಾಠದ ವಿಷಯ. ಶಿಕ್ಷಣ ಮಂತ್ರಿಗಳ ಒಕ್ಕೂಟ 2004ರಲ್ಲಿ ಒಪ್ಪಿದ ಸೂತ್ರದಂತೆ, ಪ್ರಾಥಮಿಕ ಹಂತದಲ್ಲೇ ಎರಡು ಹೊಸ ಭಾಷೆ ಕಲಿಯಬೇಕು: ಒಂದನ್ನು ಮೂರನೇ ತರಗತಿಯಿಂದ, ಇನ್ನೊಂದನ್ನು ಐದರಿಂದ. ಒಂದು ದೇಶದ ಇನ್ನೊಂದು ರಾಷ್ಟ್ರಭಾಷೆ ಆಗಿರಬೇಕು, ಮತ್ತೊಂದು ಇಂಗ್ಲಿಷ್. ಯಾವುದು ಮೊದಲು ಎನ್ನುವುದು ಕ್ಯಾಂಟನ್ನಿನ ಇಷ್ಟ. ಜಗಳ ಶುರುವಾಗುವುದೇ ಇಲ್ಲಿ. ಫ್ರೆಂಚ್ ಕಡೆಯವರು ಜರ್ಮನ್ ಮೊದಲಿಟ್ಟರು. ಭಾಷಾ ಗಡಿಗೆ ಹತ್ತಿರದ ಬಾಸೆಲ್, ಬರ್ನ್, ಸೊಲೊಟರ್ನ್‌ಗಳು ಫ್ರೆಂಚ್ ಮೊದಲಿಟ್ಟವು. ಜ್ಯೂರಿಕ್ ಮತ್ತು ಪೂರ್ವದ ಕ್ಯಾಂಟನ್‌ಗಳು ಇಂಗ್ಲಿಷ್ ಮೊದಲು ಎಂದವು. ಪ್ರಾಥಮಿಕದಲ್ಲಿ ಒಂದೇ ಹೊಸ ಭಾಷೆ ಸಾಕು ಎಂಬ ಪ್ರಸ್ತಾಪವನ್ನು ಜ್ಯೂರಿಕ್‌ನ ಮತದಾರರು 2017ರಲ್ಲಿ ತಿರಸ್ಕರಿಸಿದ್ದರು. 2025ರಲ್ಲಿ ಅದೇ ಕ್ಯಾಂಟನ್ನಿನ ಶಾಸನಸಭೆ ಫ್ರೆಂಚನ್ನು ಪ್ರೌಢಶಾಲೆಗೆ ಮುಂದೂಡುವ ಕಡೆ ಮತ ಹಾಕಿತು. ಫ್ರೆಂಚ್ ಭಾಷಿಕರ ಪತ್ರಿಕೆಗಳು ಕೆಂಡವಾದವು.

ತ್ರಿಭಾಷಾ ಸೂತ್ರದ ಚರ್ಚೆಯಲ್ಲಿ ಬೆಳೆದ ನಮಗೆ ಈ ಗದ್ದಲ ಪರಿಚಿತ ಅನ್ನಿಸಬಹುದು. ಆದರೆ ಒಂದು ವ್ಯತ್ಯಾಸ ಇದೆ. ಅಲ್ಲಿ ಯಾವ ಕ್ಯಾಂಟನ್ನೂ ತನ್ನ ಶಾಲಾಭಾಷೆ ಕಳೆದುಹೋದೀತೆಂದು ಹೆದರುವುದಿಲ್ಲ. ಪಕ್ಕದವನ ಭಾಷೆಯನ್ನು ಎಷ್ಟು ಗಂಟೆ ಕಲಿಯಬೇಕು ಎನ್ನುವುದಷ್ಟೇ ಜಗಳ.

ಕಲಿತ ಮೇಲೂ ಆಡಲು ಬರುವುದಿಲ್ಲ, ಯಾಕೆ? ವಾರಕ್ಕೆ ಎರಡು ಮೂರು ಪೀರಿಯಡ್‌ನಲ್ಲಿ ಯಾವ ಭಾಷೆಯೂ ನಾಲಗೆಗೆ ಹತ್ತದು. ಜರ್ಮನ್ ಕಲಿಯುವ ಫ್ರೆಂಚ್ ಮಕ್ಕಳಿಗೆ ಇನ್ನೊಂದು ತೊಡಕು ಬೇರೆ: ಪುಸ್ತಕದಲ್ಲಿರುವುದು ಶಿಷ್ಟ ಜರ್ಮನ್, ಜ್ಯೂರಿಕ್‌ನ ಬಸ್ಸಿನಲ್ಲಿ ಕಿವಿಗೆ ಬೀಳುವುದು ಸ್ವಿಸ್ ಆಡುಮಾತು. ಜ್ಯೂರಿಕ್‌ನ ಕಿಂಡರ್‌ಗಾರ್ಟನ್‌ನಲ್ಲಿ ಆಡುಮಾತಿನಲ್ಲೇ ಪಾಠ ನಡೆಯಬೇಕೆಂದು 2011ರಲ್ಲಿ ಜನಮತಗಣನೆಯಲ್ಲಿ ತೀರ್ಮಾನವಾಗಿದೆ. ಒಂದನೇ ತರಗತಿಯಿಂದ ಶಿಷ್ಟ ಜರ್ಮನ್. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್‌ನ ಬಿ2 ಮಟ್ಟ ಮುಗಿಸಿ ಹೋದವರೂ ಈ ಗೋಡೆಗೇ ತಲೆ ಹೊಡೆದುಕೊಳ್ಳುವುದು. ಉಪನ್ಯಾಸ ಪೂರ್ತಿ ಅರ್ಥವಾಗುತ್ತದೆ, ಆಮೇಲೆ ಕ್ಯಾಂಟೀನಿನಲ್ಲಿ ಸಹಪಾಠಿಗಳ ಹರಟೆ ಒಂದಕ್ಷರ ತಿಳಿಯುವುದಿಲ್ಲ. ನಿಮಗಾಗಿ ಶಿಷ್ಟ ಜರ್ಮನ್ ಆಡಿ ಎಂದು ಕೇಳಿದರೆ ಆಡುತ್ತಾರೆ. ಐದು ನಿಮಿಷದಲ್ಲಿ ಮತ್ತೆ ಆಡುಮಾತಿಗೆ ಜಾರುತ್ತಾರೆ. ಮೊದಲ ಆರು ತಿಂಗಳು ಆಡುಮಾತು ಆಡಲು ಹೋಗದೆ, ಕೇಳಿಸಿಕೊಳ್ಳುವುದನ್ನಷ್ಟೇ ಅಭ್ಯಾಸ ಮಾಡುವುದು ಒಳ್ಳೆಯದು. ಫ್ರೆಂಚ್ ಕಡೆ ಇಂಥ ಕಷ್ಟ ಕಡಿಮೆ. ಎಪ್ಪತ್ತು, ತೊಂಬತ್ತಕ್ಕೆ ಪ್ಯಾರಿಸ್ಸಿನ ‘ಅರವತ್ತು-ಹತ್ತು’, ‘ನಾಲ್ಕು-ಇಪ್ಪತ್ತು-ಹತ್ತು’ ಎಂಬ ಲೆಕ್ಕ ಬಿಟ್ಟು ಸೆಪ್ಟಾಂಟ್, ನೊನಾಂಟ್ ಅನ್ನುತ್ತಾರೆ. ಕಲಿಯುವವರಿಗೆ ಅದು ಉಪಕಾರವೇ.

ದೇಶದಲ್ಲಿ ನಿಜವಾಗಿ ಮೂರು ನಾಲ್ಕು ಭಾಷೆ ಬಲ್ಲವರು ಯಾರು? ಸಣ್ಣ ಭಾಷೆಯವರು. ಟಿಚೀನೊದ ಇಟಾಲಿಯನ್ ಮಗು ಪ್ರಾಥಮಿಕದಲ್ಲಿ ಫ್ರೆಂಚ್ ಶುರುಮಾಡಿ, ಆಮೇಲೆ ಜರ್ಮನ್, ಅದರ ಮೇಲೆ ಇಂಗ್ಲಿಷ್ ಕಲಿಯುತ್ತದೆ. 1996ರವರೆಗೆ ಸ್ವಿಟ್ಜರ್‌ಲೆಂಡಿನ ಇಟಾಲಿಯನ್ ಭಾಗದಲ್ಲಿ ವಿಶ್ವವಿದ್ಯಾಲಯವೇ ಇರಲಿಲ್ಲ. ಆ ವರ್ಷ ಲುಗಾನೊದಲ್ಲಿ ಒಂದು ಶುರುವಾಯಿತು. ಈಗಲೂ ಟಿಚೀನೊದ ಹುಡುಗಿ ಸ್ವಿಸ್ ವಿಶ್ವವಿದ್ಯಾಲಯದಲ್ಲೇ ಸಿವಿಲ್ ಎಂಜಿನಿಯರಿಂಗ್ ಕಲಿಯಬೇಕೆಂದರೆ ಆಲ್ಪ್ಸ್ ದಾಟಿ ಜರ್ಮನ್‌ನಲ್ಲೋ ಫ್ರೆಂಚ್‌ನಲ್ಲೋ ಓದಬೇಕು. ರೊಮಾಂಶ್‌ನವರ ಪಾಡು ಇನ್ನೂ ಬಿಗಿ. ಐದು ಬರವಣಿಗೆಯ ಪ್ರಭೇದಗಳಿರುವ ಭಾಷೆ. ಅವನ್ನೆಲ್ಲ ಒಂದು ಮಾಡುವ ಶಿಷ್ಟ ರೂಪವನ್ನು 1982ರಲ್ಲಿ ಕಟ್ಟಿದರು. ಪಠ್ಯಪುಸ್ತಕಗಳನ್ನು ಆ ಹೊಸ ರೂಪದಲ್ಲಿ ಅಚ್ಚುಹಾಕಿದಾಗ ಹಳ್ಳಿಗಳು ತಿರುಗಿಬಿದ್ದವು. ಸಣ್ಣ ತರಗತಿಗಳಲ್ಲಿ ರೊಮಾಂಶ್, ಮೇಲೇರಿದಂತೆ ಜರ್ಮನ್, ವಿಶ್ವವಿದ್ಯಾಲಯದಲ್ಲಿ ಪೂರ್ತಿ ಬೇರೆ ಭಾಷೆ. ರೊಮಾಂಶ್ ಅಧ್ಯಯನ ಪೀಠಗಳು ಜ್ಯೂರಿಕ್, ಫ್ರಿಬೂರ್‌ಗಳಲ್ಲಿವೆ, ರೊಮಾಂಶ್ ಮಾಧ್ಯಮದ ವಿಶ್ವವಿದ್ಯಾಲಯ ಇಲ್ಲ. ನಾಲ್ಕು ಭಾಷೆಯ ದೇಶ ಎಂಬ ಹೆಸರಿನ ದುಡಿಮೆಯನ್ನು ಹೆಚ್ಚಾಗಿ ಹೊರುವವರು ಇವರು. ದೊಡ್ಡ ಭಾಷೆಯವರು ಹೆಸರನ್ನು ಹಂಚಿಕೊಳ್ಳುತ್ತಾರೆ. ತುಳು, ಕೊಡವ, ಬ್ಯಾರಿ ಮನೆಮಾತಿನವರು ಈ ಸಭೆಯಲ್ಲಿದ್ದರೆ ಅವರಿಗೆ ಇದು ಹೊಸ ಸುದ್ದಿಯೇನಲ್ಲ.

ಈಗ ವಿಶ್ವವಿದ್ಯಾಲಯದ ಬಾಗಿಲಿಗೆ ಬರೋಣ. ಹೆಚ್ಚಿನ ಕ್ಯಾಂಟನ್‌ಗಳಲ್ಲಿ ಎರಡು ವರ್ಷದ ಕಿಂಡರ್‌ಗಾರ್ಟನ್ ಸೇರಿ ಹನ್ನೊಂದು ವರ್ಷ ಕಡ್ಡಾಯ ಶಿಕ್ಷಣ. ಆಮೇಲೆ ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳು ವೃತ್ತಿ ತರಬೇತಿಗೆ ಹೋಗುತ್ತಾರೆ: ಮೂರು ನಾಲ್ಕು ವರ್ಷ, ವಾರದಲ್ಲಿ ಮೂರ್ನಾಲ್ಕು ದಿನ ಕಾರ್ಖಾನೆ, ಬ್ಯಾಂಕು ಅಥವಾ ಆಸ್ಪತ್ರೆಯಲ್ಲಿ ಸಂಬಳದ ಕೆಲಸ, ಉಳಿದ ದಿನ ವೃತ್ತಿಶಾಲೆ. ಜಿಮ್ನಾಸಿಯಂ, ಅಂದರೆ ವಿಶ್ವವಿದ್ಯಾಲಯಕ್ಕೆ ಸಿದ್ಧಪಡಿಸುವ ಶಾಲೆ ಮುಗಿಸಿ ಮಾತುರಾ ಎಂಬ ಪ್ರಮಾಣಪತ್ರ ಪಡೆಯುವವರು ಐವರಲ್ಲಿ ಒಬ್ಬರಷ್ಟು. ಜಿನೀವಾ, ಟಿಚೀನೊಗಳಲ್ಲಿ ಈ ಪಾಲು ದೊಡ್ಡದು, ಪೂರ್ವದ ಗ್ರಾಮೀಣ ಕ್ಯಾಂಟನ್‌ಗಳಲ್ಲಿ ಸಣ್ಣದು. ವೃತ್ತಿ ತರಬೇತಿಗೆ ಹೋದವರ ದಾರಿ ಮುಚ್ಚುವುದಿಲ್ಲ. 1994ರಿಂದ ವೃತ್ತಿ ಮಾತುರಾ ಇದೆ, ಅದರಿಂದ ಅನ್ವಯಿಕ ವಿಜ್ಞಾನಗಳ ಉನ್ನತ ಶಾಲೆಗೆ ಹೋಗಬಹುದು. ಸಾಂಪ್ರದಾಯಿಕ ವಿಶ್ವವಿದ್ಯಾಲಯಕ್ಕೇ ಬೇಕೆಂದರೆ ಐದು ವಿಷಯಗಳ ಒಂದು ಸೇತುವೆ ಪರೀಕ್ಷೆ. ಅದಕ್ಕೆ ತಯಾರಿ ಸಾಮಾನ್ಯವಾಗಿ ಒಂದು ವರ್ಷ.

ಮಾತುರಾ ಕೈಯಲ್ಲಿದ್ದವರಿಗೆ ವೈದ್ಯಕೀಯ ಬಿಟ್ಟರೆ ಬಹುತೇಕ ಯಾವ ವಿಷಯಕ್ಕೂ, ಯಾವ ವಿಶ್ವವಿದ್ಯಾಲಯಕ್ಕೂ ಪ್ರವೇಶ ಪರೀಕ್ಷೆಯಿಲ್ಲ. ಇದನ್ನು ಕೇಳಿ ನಮ್ಮ ಪೋಷಕರು ನಿಟ್ಟುಸಿರು ಬಿಡುತ್ತಾರೆ. ಸೋಸುವ ಕೆಲಸ ಒಳಗೆ ಹೋದ ಮೇಲೆ ನಡೆಯುತ್ತದೆ ಎಂದು ತಿಳಿದಾಗ ಉಸಿರು ಮತ್ತೆ ಬಿಗಿಯುತ್ತದೆ. ಜ್ಯೂರಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವಾದ ಇಟಿಎಚ್‌ನಲ್ಲಿ ಮೊದಲ ವರ್ಷದ ವಿಷಯಗಳಿಗೆಲ್ಲ ಒಂದು ಬುನಾದಿ ಪರೀಕ್ಷೆ. ಅಂಕ 1ರಿಂದ 6, ತೇರ್ಗಡೆಗೆ ಸರಾಸರಿ 4. ಒಂದು ವಿಷಯದಲ್ಲಿ ಕಡಿಮೆ ಬಂದರೆ ಇನ್ನೊಂದರಲ್ಲಿ ತುಂಬಿಕೊಳ್ಳಬಹುದು, ಆದರೆ ಒಟ್ಟು ಗುಂಪು 4 ಮುಟ್ಟದಿದ್ದರೆ ಇಡೀ ಗುಂಪನ್ನು ಮತ್ತೆ ಬರೆಯಬೇಕು. ಅವಕಾಶ ಎರಡೇ. ಎರಡನೇ ಸಲವೂ ಹೋದರೆ ಆ ವಿಷಯದ ಓದು ಅಲ್ಲಿಗೆ ಮುಗಿಯಿತು. ಅದೇ ವಿಷಯವನ್ನು ದೇಶದ ಬೇರೆ ವಿಶ್ವವಿದ್ಯಾಲಯದಲ್ಲಿ ಮುಂದುವರಿಸುವ ದಾರಿಯೂ ಸಾಮಾನ್ಯವಾಗಿ ಮುಚ್ಚುತ್ತದೆ. ಲೋಸಾನಿನ ತಾಂತ್ರಿಕ ವಿಶ್ವವಿದ್ಯಾಲಯವಾದ ಇಪಿಎಫ್‌ಎಲ್‌ನಲ್ಲಿ ಮೊದಲ ಸೆಮಿಸ್ಟರಿನ ಸರಾಸರಿ 3.5ಕ್ಕಿಂತ ಕಡಿಮೆಯಾದವರು ಎರಡನೇ ಸೆಮಿಸ್ಟರಿನಲ್ಲಿ ಗಣಿತ, ಭೌತಶಾಸ್ತ್ರಗಳ ಬುನಾದಿಯನ್ನು ಮತ್ತೆ ಕಟ್ಟುವ ಕೋರ್ಸಿಗೆ ಹೋಗಬೇಕು. ಅದರಲ್ಲೂ ಆಗದಿದ್ದರೆ ಹೊರಗೆ.

ಅಂಕದ ವಿಷಯದಲ್ಲೇ ಇನ್ನೊಂದು ಎಚ್ಚರಿಕೆ: ಪಕ್ಕದ ಜರ್ಮನಿಯಲ್ಲಿ 1 ಅತ್ಯುತ್ತಮ, ಸ್ವಿಟ್ಜರ್‌ಲೆಂಡಿನಲ್ಲಿ 6 ಅತ್ಯುತ್ತಮ. ಎರಡೂ ದೇಶಕ್ಕೆ ಒಟ್ಟಿಗೆ ಅರ್ಜಿ ಹಾಕುವವರು ಒಂದೇ ಪರಿವರ್ತನಾ ಪಟ್ಟಿ ಬಳಸಿ ಎಡವಟ್ಟು ಮಾಡಿಕೊಳ್ಳುತ್ತಾರೆ.

ವೈದ್ಯಕೀಯದ ಸೀಟು ಹಂಚುವ ಬಗೆಯೂ ಭಾಷಾ ಗಡಿಯಲ್ಲೇ ಇಬ್ಭಾಗವಾಗಿದೆ. ಬಾಸೆಲ್, ಬರ್ನ್, ಜ್ಯೂರಿಕ್, ಫ್ರಿಬೂರ್‌ಗಳಲ್ಲಿ ಸೇರುವ ಮುಂಚೆ ಸಾಮರ್ಥ್ಯ ಪರೀಕ್ಷೆ. ಜಿನೀವಾ, ಲೋಸಾನ್, ನ್ಯೂಶಾಟೆಲ್‌ಗಳಲ್ಲಿ ಸೇರಿಸಿಕೊಂಡು ಮೊದಲ ವರ್ಷದಲ್ಲಿ ಸೋಸುತ್ತಾರೆ. ಅಲ್ಲಿನ ವಾಸಿಯಲ್ಲದ ಭಾರತೀಯ ವಿದ್ಯಾರ್ಥಿಗೆ ಎರಡೂ ಹೆಚ್ಚುಕಡಿಮೆ ಮುಚ್ಚಿದ ಬಾಗಿಲು. ಅದಕ್ಕೆ ಸಮಯ ಹಾಳು ಮಾಡಬೇಡಿ.

ಉಳಿದ ವಿಷಯಗಳಿಗೆ ನಮ್ಮಿಂದ ಹೋಗುವವರು ಮೊದಲು ನೋಡಬೇಕಾದ್ದು ಹಂತ ಯಾವುದು ಎಂದು. ಬ್ಯಾಚುಲರ್ 180 ಕ್ರೆಡಿಟ್, ಮಾಸ್ಟರ್ 90 ಅಥವಾ 120. ಒಂದು ಕ್ರೆಡಿಟ್ ಎಂದರೆ ಮನೆಯ ಓದೂ ಸೇರಿ 25ರಿಂದ 30 ಗಂಟೆ ದುಡಿಮೆ. ಬ್ಯಾಚುಲರ್ ಬಹುತೇಕ ಸ್ಥಳೀಯ ಭಾಷೆಯಲ್ಲಿ: ಇಟಿಎಚ್‌ನಲ್ಲಿ ಜರ್ಮನ್, ಅದೂ ಸಿ1 ಮಟ್ಟದ್ದು, ಇಪಿಎಫ್‌ಎಲ್‌ನಲ್ಲಿ ಫ್ರೆಂಚ್. ಲುಗಾನೊದ ಇನ್ಫರ್ಮ್ಯಾಟಿಕ್ಸ್ ಬ್ಯಾಚುಲರ್‌ನಂತೆ ಇಂಗ್ಲಿಷಿನಲ್ಲಿ ನಡೆಯುವವು ಕೆಲವೇ. ಫ್ರಿಬೂರ್ ವಿಶ್ವವಿದ್ಯಾಲಯ ಫ್ರೆಂಚ್, ಜರ್ಮನ್ ಎರಡರಲ್ಲೂ ಪಾಠ ಮಾಡುತ್ತದೆ. ಎರಡರಲ್ಲೂ ಓದಿದವರ ಪದವಿಪತ್ರದಲ್ಲಿ ದ್ವಿಭಾಷಾ ಎಂದು ನಮೂದಿಸುತ್ತಾರೆ. ಕಾನೂನು ಓದುವವರಿಗೆ ಅದರ ಬೆಲೆ ಹೆಚ್ಚು, ಒಕ್ಕೂಟದ ಕಾನೂನು ಹಲವು ಭಾಷೆಯಲ್ಲಿ ಸಮಾನವಾಗಿ ಅಧಿಕೃತ ತಾನೆ. ಮಾಸ್ಟರ್ ಹಂತಕ್ಕೆ ಬಂದರೆ ಎಂಜಿನಿಯರಿಂಗ್, ವಿಜ್ಞಾನಗಳಲ್ಲಿ ಇಂಗ್ಲಿಷೇ ಹೆಚ್ಚು.

ಪಿಯುಸಿ ಮುಗಿಸಿ ನೇರ ಹೋಗಬಹುದೇ ಎಂಬ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತದೆ. ಸ್ವಿಸ್ ವಿಶ್ವವಿದ್ಯಾಲಯಗಳು ಹೊರಗಿನ ಪ್ರಮಾಣಪತ್ರವನ್ನು ಮಾತುರಾದ ಪಕ್ಕದಲ್ಲಿಟ್ಟು ಆರು ವಿಷಯ ಹುಡುಕುತ್ತವೆ: ಮೊದಲ ಭಾಷೆ, ಎರಡನೇ ಭಾಷೆ, ಗಣಿತ, ಒಂದು ನಿಸರ್ಗ ವಿಜ್ಞಾನ, ಇತಿಹಾಸ ಅಥವಾ ಭೂಗೋಳ ಅಥವಾ ಅರ್ಥಶಾಸ್ತ್ರ, ಆರನೆಯದಾಗಿ ಇವುಗಳ ಪೈಕಿ ಇನ್ನೊಂದು. ನಮ್ಮ ಪಿಸಿಎಂಬಿ ಹುಡುಗರು ಐದನೆಯದರಲ್ಲಿ ಬೀಳುತ್ತಾರೆ. ಶೇ 98 ತೆಗೆದರೂ ಇತಿಹಾಸದ ಖಾನೆ ಖಾಲಿ. ಆಗ ಪ್ರವೇಶ ಪರೀಕ್ಷೆ ಬರೆಯಬೇಕಾಗುತ್ತದೆ, ಇಟಿಎಚ್‌ನಲ್ಲಾದರೆ ಅದು ಜರ್ಮನ್‌ನಲ್ಲಿ. ಇಲ್ಲೇ ಬಿಇ ಅಥವಾ ಬಿಎಸ್ಸಿ ಮುಗಿಸಿ ಮಾಸ್ಟರ್‌ಗೆ ಹೋಗುವುದು ಹೆಚ್ಚಿನವರಿಗೆ ಜಾಣತನದ ದಾರಿ.

ಶುಲ್ಕದಲ್ಲಿ ಈಚೆಗೆ ದೊಡ್ಡ ಬದಲಾವಣೆ ಆಗಿದೆ. ಇಟಿಎಚ್, ಇಪಿಎಫ್‌ಎಲ್‌ಗಳಲ್ಲಿ ಸೆಮಿಸ್ಟರಿಗೆ 730 ಫ್ರಾಂಕ್ ಇದ್ದದ್ದು, ಓದಿಗೆಂದೇ ಹೊರದೇಶದಿಂದ ಬರುವವರಿಗೆ 2025ರ ಶರತ್ಕಾಲದಿಂದ ಮೂರು ಪಟ್ಟಾಗಿ 2190 ಆಗಿದೆ. ಹಳೆಯ ಬ್ಲಾಗುಗಳ ಲೆಕ್ಕ ನಂಬಿ ಬಜೆಟ್ ಹಾಕಬೇಡಿ. ಹಾಗಿದ್ದರೂ ಶುಲ್ಕ ಸಣ್ಣದು, ಬಾಡಿಗೆ ಮತ್ತು ಊಟ ದೊಡ್ಡದು. ವೀಸಾಕ್ಕೆ ವರ್ಷಕ್ಕೆ ಸುಮಾರು 21,000 ಫ್ರಾಂಕ್ ಇದೆಯೆಂದು ತೋರಿಸಬೇಕು. ನಮ್ಮೂರ ಬ್ಯಾಂಕಿನ ಠೇವಣಿ ಪತ್ರ ಎಲ್ಲ ಕಡೆ ಸಾಕಾಗದು. ಜ್ಯೂರಿಕ್ ಕ್ಯಾಂಟನ್ ಸ್ವಿಸ್ ಮೇಲ್ವಿಚಾರಣೆಗೆ ಒಳಪಟ್ಟ ಬ್ಯಾಂಕಿನ ಪತ್ರ ಕೇಳುತ್ತದೆ. ವೀಸಾ ಕೊಡುವುದು ರಾಯಭಾರ ಕಚೇರಿಯೇ ಆದರೂ ಕಡತ ಹೋಗುವುದು ನೀವು ಓದುವ ಕ್ಯಾಂಟನ್ನಿನ ವಲಸೆ ಕಚೇರಿಗೆ. ಅಲ್ಲಿ ಎಂಟರಿಂದ ಹನ್ನೆರಡು ವಾರ ಹಿಡಿಯುತ್ತದೆ. ಶರತ್ಕಾಲದ ಸೆಮಿಸ್ಟರ್ ಸೆಪ್ಟೆಂಬರ್ ಮಧ್ಯಕ್ಕೆ ಶುರು. ಜುಲೈನಲ್ಲಿ ಅರ್ಜಿ ಹಾಕಿದವರ ವೀಸಾ ಬರುವ ಹೊತ್ತಿಗೆ ಪಾಠ ಶುರುವಾಗಿಬಿಟ್ಟಿರಬಹುದು. ಮಾಸ್ಟರ್ ಪ್ರವೇಶದ ಅರ್ಜಿಯಂತೂ ಇನ್ನೂ ಮುಂಚೆ: ಹಿಂದಿನ ವರ್ಷದ ನವೆಂಬರ್, ಡಿಸೆಂಬರ್‌ನಲ್ಲೇ ಕಡತ ಸಿದ್ಧವಿರಬೇಕು.

ತಲುಪಿದ ಹದಿನಾಲ್ಕು ದಿನದೊಳಗೆ ಊರಿನ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು. ಮೂರು ತಿಂಗಳೊಳಗೆ ಆರೋಗ್ಯ ವಿಮೆ ಮಾಡಿಸಬೇಕು ಅಥವಾ ವಿನಾಯಿತಿಗೆ ಅರ್ಜಿ ಹಾಕಬೇಕು. ಈ ಬಗ್ಗೆ ಬರುವ ಪತ್ರ ಜರ್ಮನ್‌ನಲ್ಲೋ ಫ್ರೆಂಚ್‌ನಲ್ಲೋ ಇರುತ್ತದೆ. ಓದಲು ಬಾರದೆಂದು ಜಾಹೀರಾತಿನ ಕಾಗದಗಳ ಜೊತೆ ಪಕ್ಕಕ್ಕಿಟ್ಟರೆ ಕ್ಯಾಂಟನ್ ತಾನೇ ಒಂದು ವಿಮಾ ಕಂಪನಿಗೆ ನಿಮ್ಮನ್ನು ಸೇರಿಸುತ್ತದೆ, ತಡಮಾಡಿದ್ದಕ್ಕೆ ಕಂತಿನ ಮೇಲೆ ಹೆಚ್ಚುವರಿ ಹಣವೂ ಬೀಳಬಹುದು. ತರಗತಿ ಇಂಗ್ಲಿಷಿನದಾದರೂ ಊರು ಇಂಗ್ಲಿಷಿನದಲ್ಲ. ಯುರೋಪಿನ ಹೊರಗಿನವರು ಮೊದಲ ಆರು ತಿಂಗಳು ಕೆಲಸ ಮಾಡುವಂತಿಲ್ಲ, ಆಮೇಲೆ ಸೆಮಿಸ್ಟರಿನಲ್ಲಿ ವಾರಕ್ಕೆ 15 ಗಂಟೆ. ಪ್ರಯೋಗಾಲಯದ ಸಹಾಯಕ ಕೆಲಸಕ್ಕೆ ಇಂಗ್ಲಿಷ್ ಸಾಕು. ಅಂಗಡಿ, ಕೆಫೆಗಳಲ್ಲಿ ಆ ಊರಿನ ಮಾತು ಬೇಕೇ ಬೇಕು. ಓದು ಮುಗಿದ ಮೇಲೆ ಕೆಲಸ ಹುಡುಕಲು ಸಿಗುವುದು ಆರು ತಿಂಗಳು. ಲೋಸಾನಿನಲ್ಲಿ ಓದಿ ಜ್ಯೂರಿಕ್‌ನಲ್ಲಿ ಕೆಲಸ ಹುಡುಕುವವರಿಗೆ ಎರಡು ವರ್ಷ ಕಲಿತ ಫ್ರೆಂಚ್ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ, ವಾಸದ ಪರವಾನಗಿಯನ್ನೂ ಹೊಸ ಕ್ಯಾಂಟನ್ನಿನಿಂದಲೇ ಪಡೆಯಬೇಕು. ಹಾಗಾಗಿ ವಿಶ್ವವಿದ್ಯಾಲಯದ ರ‍್ಯಾಂಕಿಂಗ್ ನೋಡುವಾಗಲೇ, ನಿಮ್ಮ ಕಸುಬಿನ ಕಂಪನಿಗಳು ಯಾವ ಭಾಷೆಯ ಕಡೆ ಇವೆ ಎಂದೂ ನೋಡಿ. ಔಷಧ ಕಂಪನಿಗಳು ಬಾಸೆಲ್ ಸುತ್ತ, ಬ್ಯಾಂಕು ವಿಮೆ ಜ್ಯೂರಿಕ್ ಸುತ್ತ, ಕೈಗಡಿಯಾರದ ಉದ್ಯಮ ಜೂರಾ ಬೆಟ್ಟಸಾಲಿನ ಫ್ರೆಂಚ್ ಊರುಗಳಲ್ಲಿ. ಕನ್ನಡದ ಸಂಶೋಧಕರಿಗೆ ಬಾಸೆಲ್ ಬೇರೆ ಕಾರಣಕ್ಕೂ ಗೊತ್ತಿರಬೇಕು: ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಶನ್ನಿನ ದಾಖಲೆಗಳು ಅಲ್ಲಿವೆ.

ಕೊನೆಯಲ್ಲಿ ಸಭಿಕರೊಬ್ಬರು ಪಿಎಚ್‌ಡಿ ಬಗ್ಗೆ ಕೇಳಿದರು. ಅದರ ದಾರಿ ಬೇರೆ. ಇಟಿಎಚ್, ಇಪಿಎಫ್‌ಎಲ್‌ಗಳಲ್ಲಿ ಪಿಎಚ್‌ಡಿ ಮಾಡುವವರು ಸಂಬಳದ ನೌಕರರು. ಇಟಿಎಚ್‌ನಲ್ಲಿ ಜಾಗ ಕೊಡುವುದು ಆಯಾ ಪ್ರಾಧ್ಯಾಪಕರು, ಇಪಿಎಫ್‌ಎಲ್‌ನಲ್ಲಿ ಮೊದಲು ಡಾಕ್ಟರೇಟ್ ಕಾರ್ಯಕ್ರಮದ ಸಮಿತಿ ಒಪ್ಪಬೇಕು. ಮಾಸ್ಟರ್ ಪದವಿ ಬೇಕು. ಸಂಶೋಧನೆ, ಪ್ರಬಂಧ ಎಲ್ಲ ಇಂಗ್ಲಿಷಿನಲ್ಲಿ ನಡೆದುಹೋಗುತ್ತದೆ. ಬೆಂಗಳೂರಿನಲ್ಲೇ ಸ್ವಿಸ್‌ನೆಕ್ಸ್ ಕಚೇರಿ ಇದೆ, ಸಂಶೋಧನಾ ಸಂಪರ್ಕಗಳ ಬಗ್ಗೆ ಅಲ್ಲಿ ವಿಚಾರಿಸಬಹುದು. ಒಂದು ವಿಷಯ ಮಾತ್ರ ಸಂದರ್ಶನದಲ್ಲೇ ಕೇಳಿಬಿಡಿ: ಬ್ಯಾಚುಲರ್ ವಿದ್ಯಾರ್ಥಿಗಳಿಗೆ ಲೆಕ್ಕ ಬಿಡಿಸುವ ತರಗತಿ ತೆಗೆದುಕೊಳ್ಳುವ ಹೊಣೆ ನಿಮಗೂ ಬರುತ್ತದೆಯೇ, ಬಂದರೆ ಯಾವ ಭಾಷೆಯಲ್ಲಿ? ಮೊದಲ ವರ್ಷದ ತರಗತಿಯಾದರೆ ಉತ್ತರ ಜರ್ಮನ್ ಅಥವಾ ಫ್ರೆಂಚ್ ಆಗಿರುವ ಸಾಧ್ಯತೆ ಹೆಚ್ಚು.